ಮಾತು ಕೇಳುವ ದೀಪ



ನಮ್ಮ ಗೋಡೆ ಪತ್ರಿಕೆಯ ಈ ಸಂಚಿಕೆಗೆ ವಿಜ್ಞಾನದ ಒಂದು ಪಾಠ ಬರೆದು ಕೊಡಬೇಕೆಂದು ಮೇಷ್ಟ್ರು ನನಗೆ ಹೇಳಿದರು. ಮೊದಲು ಜ್ವಾಲಾಮುಖಿಯ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಜ್ವಾಲಾಮುಖಿಯನ್ನು ನಾನು ಕಣ್ಣಾರೆ ನೋಡಿಲ್ಲ. ನಮ್ಮ ಅಜ್ಜಿಯ ಕೋಣೆಯಲ್ಲಿ ಮಾತಾಡಿದರೆ ಹತ್ತಿಕೊಳ್ಳುವ ದೀಪವನ್ನು ದಿನಾ ನೋಡ್ತೀನಿ. ಅದನ್ನು ಜೋಡಿಸುವಾಗ ಟಾರ್ಚ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದವಳು ನಾನೇ. ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಅಂತ ದೊಡ್ಡವರು ಹೇಳ್ತಾರೆ. ಈಗಿನ ಕಾಲದಲ್ಲಿ ಆಡಿದ ಮಾತು ಎಲ್ಲೋ ದೂರದ ಊರಿಗೆ ಹೋಗಿ, ವಾಪಸ್ ಬಂದು, ದೀಪವನ್ನೂ ಹಚ್ಚುತ್ತದೆ. ಅದು ಹೇಗೆ ಅಂತ ನೋಡೋಣ.

ಈ ದೀಪ ಯಾಕೆ ಬೇಕಾಯಿತು?

ನಮ್ಮ ಅಜ್ಜಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ಇಲ್ಲ. ಕೋಲು ಊರಿಕೊಂಡು ನಿಧಾನಕ್ಕೆ ನಡೀತಾರೆ. ಮಾತೂ ಸ್ವಲ್ಪ ತೊದಲು. ಹೋದ ವರ್ಷ ಕಾರ್ತಿಕ ಮಾಸದಲ್ಲಿ ಒಂದು ರಾತ್ರಿ ಅಜ್ಜಿ ಬಚ್ಚಲಿಗೆ ಹೋಗಲು ಎದ್ದರು. ಸ್ವಿಚ್ಚು ಬಾಗಿಲ ಪಕ್ಕ ಇದೆ. ಕತ್ತಲಲ್ಲಿ ಗೋಡೆ ತಡವಿಕೊಂಡು ಹೋಗುವಾಗ ಹೊಸ್ತಿಲು ಎಡವಿ ಬಿದ್ದರು. ಹಣೆಗೆ ಆರು ಹೊಲಿಗೆ ಬಿತ್ತು.

ಅದಾದ ಮೇಲೆ ಅಜ್ಜಿ ಸಂಜೆ ಆರರ ನಂತರ ನೀರು ಕುಡಿಯುವುದನ್ನೇ ಬಿಟ್ಟುಬಿಟ್ಟರು. ನೀರು ಕುಡಿದರೆ ರಾತ್ರಿ ಏಳಬೇಕಲ್ಲ, ಅದಕ್ಕೆ. ಬೇಸಿಗೆಯಲ್ಲೂ ಹಾಗೇ ಮಾಡಿದರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ.

"ಹಾಸಿಗೆ ಪಕ್ಕ ಒಂದು ಬೆಡ್ ಸ್ವಿಚ್ ಹಾಕಿದ್ರೆ ಸಾಲದೇ?" ಅಂತ ನೀವು ಕೇಳಬಹುದು. ನಾವು ಮೊದಲು ಅದನ್ನೇ ಹಾಕಿದ್ವಿ. ಆದರೆ ಅದು ಕತ್ತಲಲ್ಲಿ ಜಾರಿ ಮಂಚದ ಕೆಳಗೆ ಬೀಳುತ್ತಿತ್ತು. ಒಂದೇ ಕೈಯಲ್ಲಿ ಹುಡುಕುವುದು ಅಜ್ಜಿಗೆ ಕಷ್ಟ.

ನಮ್ಮ ಸೋದರಮಾವ ಎಲೆಕ್ಟ್ರಿಷಿಯನ್. ದಿನಾ ಬೆಳಗ್ಗೆ ಕಾಮಸಮುದ್ರ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಅಲ್ಲಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಮಾತಿಗೆ ಹತ್ತುವ ಲೈಟು, ಫ್ಯಾನು, ಪರದೆ ಎಲ್ಲ ಜೋಡಿಸ್ತಾರೆ. ಅಂಥ ಮನೆಗೆ ಸ್ಮಾರ್ಟ್ ಹೋಮ್ ಅಂತ ಹೆಸರು. ಒಂದು ಮನೆಯವರು ಹೊಸದು ಕೊಂಡು ಹಳೇ ಸ್ಪೀಕರನ್ನು ಮಾವನಿಗೆ ಕೊಟ್ಟರು. "ಅಲ್ಲಿ ಕೈಕಾಲು ಗಟ್ಟಿ ಇರೋರಿಗೆ ಇದನ್ನ ಹಾಕಿಕೊಡ್ತೀನಿ. ನಮ್ಮಮ್ಮನಿಗೆ ಹಾಕಬಾರದಾ?" ಅಂತ ಮಾವ ಒಂದು ಭಾನುವಾರ ಅದನ್ನು ತಂದೇಬಿಟ್ಟರು.

ಕರೆಂಟು ನಮ್ಮ ಕಡೆಗೆ ಹೊಸದಲ್ಲ

ಹಳ್ಳಿಮನೆಗೆ ಇಂಥದೆಲ್ಲ ಯಾಕೆ ಅಂತ ಕೆಲವರು ನಗಬಹುದು. ಆದರೆ ಕರೆಂಟಿನ ವಿಷಯದಲ್ಲಿ ನಮ್ಮ ಸೀಮೆ ಬೆಂಗಳೂರಿಗಿಂತ ಮುಂದಿತ್ತು. 1902ರಲ್ಲಿ ಕಾವೇರಿ ನದಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು, ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಆ ಕಾಲಕ್ಕೆ ಅದು ಪ್ರಪಂಚದಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಈ ಯೋಜನೆ ಶುರುವಾಯಿತು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಆಮೇಲೆ, 1905ರಲ್ಲಿ.

ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ಗಣಿ 2001ರಲ್ಲಿ ಮುಚ್ಚಿತು. ತಾತ ಈಗಿಲ್ಲ. ಅವರು ಹೇಳಿದ ಒಂದು ಮಾತು ಈ ದೀಪಕ್ಕೆ ಉಪಯೋಗಕ್ಕೆ ಬಂತು. ಅದನ್ನು ಮುಂದೆ ಹೇಳ್ತೀನಿ.

ಯಂತ್ರ ಮಾತನ್ನು ಹೇಗೆ ಕೇಳುತ್ತದೆ?

ನಾವು ಬಾಯಲ್ಲಿ ಹೇಳಿ ಯಂತ್ರದಿಂದ ಕೆಲಸ ಮಾಡಿಸುವುದಕ್ಕೆ ಧ್ವನಿ ನಿಯಂತ್ರಣ ಎನ್ನುತ್ತಾರೆ. ಅಲೆಕ್ಸಾ, ಗೂಗಲ್ ಮುಂತಾದ ಹೆಸರುಗಳನ್ನು ನೀವು ಕೇಳಿರುತ್ತೀರಿ. ಅಲೆಕ್ಸಾ ಸ್ಪೀಕರ್ ಅಮೆರಿಕದಲ್ಲಿ 2014ರಲ್ಲಿ ಬಂತು, ಭಾರತಕ್ಕೆ 2017ರಲ್ಲಿ ಬಂತು. ಕಂಪನಿ ಯಾವುದಾದರೂ ಕೆಲಸ ನಡೆಯುವ ಕ್ರಮ ಹೆಚ್ಚುಕಡಿಮೆ ಒಂದೇ. ಅದು ಹೀಗಿದೆ.

1. ಹೆಸರು ಕೇಳುವುದು: ಸ್ಪೀಕರಿಗೆ ಒಂದು ಹೆಸರು ಇರುತ್ತದೆ. ಅದು ಯಾವಾಗಲೂ ಆ ಹೆಸರಿಗಾಗಿ ಕಿವಿ ಕೊಟ್ಟಿರುತ್ತದೆ. ಕ್ಲಾಸಿನಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ ಎಷ್ಟೇ ಗಲಾಟೆ ಇದ್ದರೂ ನಮ್ಮ ಹೆಸರು ಬಂದಾಗ "ಬಂದೆ ಸಾರ್" ಅಂತೀವಲ್ಲ, ಹಾಗೆ. ಹೆಸರು ಹಿಡಿದು ಕರೆಯದೆ ಹೇಳಿದ ಮಾತಿಗೆ ಅದು ಕೆಲಸ ಮಾಡುವುದಿಲ್ಲ.

2. ಶಬ್ದವನ್ನು ಅಂಕಿ ಮಾಡುವುದು: ಶಬ್ದ ಎಂದರೆ ಗಾಳಿಯ ಅಲೆ ಅಂತ ನಾವು ಓದಿದ್ದೇವೆ. ಮೈಕು ಆ ಅಲೆಯನ್ನು ವಿದ್ಯುತ್ತಾಗಿ ಮಾಡುತ್ತದೆ. ಆಮೇಲೆ ಅದನ್ನು ಒಂದು ಸೆಕೆಂಡಿಗೆ ಸಾಮಾನ್ಯವಾಗಿ 16,000 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ.

3. ಅಂಕಿಯನ್ನು ಪದ ಮಾಡುವುದು: ಈ ಅಂಕಿಗಳು ಇಂಟರ್‌ನೆಟ್ ಮೂಲಕ ಕಂಪನಿಯ ದೊಡ್ಡ ಕಂಪ್ಯೂಟರಿಗೆ ಹೋಗುತ್ತವೆ. ಆ ಕಂಪ್ಯೂಟರ್ ಮೊದಲೇ ಸಾವಿರಾರು ಜನರ ಮಾತು ಕೇಳಿ ಕಲಿತಿರುತ್ತದೆ. "ಈ ಶಬ್ದ ಯಾವ ಪದಕ್ಕೆ ಹತ್ತಿರ?" ಅಂತ ಊಹೆ ಮಾಡಿ ಬರೆಯುತ್ತದೆ. ಇದು ಊಹೆ ಅನ್ನೋದನ್ನ ನೆನಪಿಡಿ. ನಾವು ಹೇಳಿದ್ದನ್ನೇ ಅದು ಬರೆಯುತ್ತೆ ಅಂತ ಗ್ಯಾರಂಟಿ ಇಲ್ಲ.

4. ಅರ್ಥ ಹುಡುಕುವುದು: ಬರೆದ ಪದದಲ್ಲಿ ಯಾವ ವಸ್ತು, ಏನು ಕೆಲಸ ಅಂತ ನೋಡುತ್ತದೆ.

5. ಅಪ್ಪಣೆ ಕೊಡುವುದು: ಮತ್ತೆ ಇಂಟರ್‌ನೆಟ್ ಮೂಲಕ ಬಲ್ಬಿಗೆ "ಹತ್ತಿಕೋ" ಅಂತ ಸಂದೇಶ ಬರುತ್ತದೆ.

ಇಷ್ಟೂ ಕೆಲಸ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಬಲ್ಬು ಇರುವುದು ತಲೆ ಮೇಲೆ, ಆದರೆ ಮಾತು ಊರೆಲ್ಲ ಸುತ್ತಿ ಬರುತ್ತದೆ!

ಬೇಕಾಗುವ ಸಾಮಗ್ರಿಗಳು

1. ಮಾತು ಕೇಳುವ ಸ್ಪೀಕರ್ (ಅಜ್ಜಿ ಇದನ್ನು ಡಬ್ಬಿ ಅಂತಾರೆ). ಸ್ಪೀಕರ್ ಇಲ್ಲದಿದ್ದರೆ ಮೊಬೈಲ್ ಫೋನಿನಲ್ಲೂ ಮಾಡಬಹುದು.
2. ವೈಫೈ ಇರುವ ಸ್ಮಾರ್ಟ್ ಬಲ್ಬು, 9 ವ್ಯಾಟಿನದು. ನಾವು 600 ರೂಪಾಯಿಗೆ ತಂದೆವು. ನಮ್ಮ ಮನೆಗಳಲ್ಲಿ ಇರುವುದು ಒತ್ತಿ ತಿರುಗಿಸುವ ಹೋಲ್ಡರ್. ತಿರುಪಿನ ಬಲ್ಬು ತಂದರೆ ಕೂರುವುದಿಲ್ಲ, ನೋಡಿ ತರಬೇಕು.
3. ಇಂಟರ್‌ನೆಟ್. ನಮ್ಮ ಮನೆಗೆ ಕೇಬಲ್ ಇಲ್ಲ. ಮಾವ ಸಿಮ್ ಹಾಕುವ ಪುಟ್ಟ ವೈಫೈ ಡಬ್ಬಿ ತಂದರು.
4. ಜೋಡಿಸಲು ಒಂದು ಸ್ಮಾರ್ಟ್‌ಫೋನ್.
5. ತಾಳ್ಮೆ. (ಇದು ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ಮಾವ ಬರೆಸಿದರು.)

ಜೋಡಿಸುವ ವಿಧಾನ

1. ಮೊದಲು ಸ್ವಿಚ್ ಆಫ್ ಮಾಡಿ ಹಳೇ ಬಲ್ಬು ತೆಗೆದು ಹೊಸದನ್ನು ಹಾಕಬೇಕು. ಈ ಕೆಲಸ ದೊಡ್ಡವರೇ ಮಾಡಬೇಕು. ಒದ್ದೆ ಕೈ, ಬರಿಗಾಲು ಕೂಡದು.

2. ಸ್ವಿಚ್ ಹಾಕಿದಾಗ ಹೊಸ ಬಲ್ಬು ಪಳಕ್ ಪಳಕ್ ಅಂತ ಮಿಟುಕುತ್ತದೆ. ಅಂದರೆ "ನಾನು ಸೇರಿಕೊಳ್ಳಲು ರೆಡಿ" ಅಂತ ಅರ್ಥ. ಮಿಟುಕದಿದ್ದರೆ ಮೂರು ಸಲ ಆನ್ ಆಫ್ ಮಾಡಬೇಕು. ಕೆಲವಕ್ಕೆ ಐದು ಸಲ ಮಾಡಬೇಕಾಗುತ್ತದೆ, ಡಬ್ಬದ ಮೇಲೆ ಬರೆದಿರುತ್ತದೆ.

3. ಫೋನಿನಲ್ಲಿ ಬಲ್ಬಿನ ಆಪ್ ಹಾಕಿಕೊಂಡು, ವೈಫೈ ಹೆಸರು, ಪಾಸ್‌ವರ್ಡ್ ಕೊಡಬೇಕು. ಇಲ್ಲಿ ನಾವು ಅರ್ಧ ದಿನ ಒದ್ದಾಡಿದೆವು. ವೈಫೈಯಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಮುಂತಾದ ಬಗೆಗಳು ಇವೆ. ಇಂಥ ಬಲ್ಬುಗಳಲ್ಲಿ ಹೆಚ್ಚಿನವು 2.4ಕ್ಕೆ ಮಾತ್ರ ಸೇರುತ್ತವೆ. ನಮ್ಮ ಡಬ್ಬಿ 5ರಲ್ಲಿ ಇತ್ತು. ಬದಲಾಯಿಸಿದ ತಕ್ಷಣ ಸೇರಿಕೊಂಡಿತು. 2.4ರ ಅಲೆ ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ. ಅಜ್ಜಿ ಮನೆಯದು ದಪ್ಪ ಮಣ್ಣಿನ ಗೋಡೆ, ಅದಕ್ಕೆ ಇದೇ ಒಳ್ಳೆಯದು.

4. ಬಲ್ಬಿಗೆ ಒಂದು ಹೆಸರು ಇಡಬೇಕು. ಎರಡು ಬಲ್ಬಿಗೆ ಒಂದೇ ಥರ ಕೇಳಿಸುವ ಹೆಸರು ಇಡಬಾರದು.

5. ಸ್ಪೀಕರಿನ ಆಪ್ ತೆರೆದು, ಬಲ್ಬಿನ ಆಪನ್ನು ಅದಕ್ಕೆ ಜೋಡಿಸಿ, "ಹೊಸ ವಸ್ತು ಹುಡುಕು" ಎಂದು ಒತ್ತಬೇಕು. ಬಲ್ಬಿನ ಹೆಸರು ಬಂದರೆ ಮುಗಿಯಿತು.

6. ಗೋಡೆಯ ಸ್ವಿಚ್ಚು ಯಾವಾಗಲೂ ಆನ್ ಇರಬೇಕು. ಅದನ್ನು ಆಫ್ ಮಾಡಿದರೆ ಬಲ್ಬಿಗೆ ಕರೆಂಟೇ ಇರುವುದಿಲ್ಲ, ಎಷ್ಟು ಕೂಗಿದರೂ ಹತ್ತುವುದಿಲ್ಲ. ನಮ್ಮಮ್ಮ ಅಭ್ಯಾಸಬಲದಿಂದ ದಿನಾ ಆಫ್ ಮಾಡ್ತಿದ್ದರು. ನಾನು ಸ್ವಿಚ್ಚಿನ ಮೇಲೆ "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದೆ.

ಯಂತ್ರ ಅಜ್ಜಿಯ ಮಾತು ಕೇಳಲಿಲ್ಲ

ಎಲ್ಲ ಜೋಡಿಸಿದ ಮೇಲೆ ಮಾವ "ಲೈಟ್ ಆನ್" ಅಂದರು. ಹತ್ತಿತು. ನಾನು ಅಂದೆ. ಹತ್ತಿತು. ನಮ್ಮ ತಮ್ಮ ಇಪ್ಪತ್ತು ಸಲ ಅಂದ. ಇಪ್ಪತ್ತು ಸಲವೂ ಹತ್ತಿತು. ಆಮೇಲೆ ಅಜ್ಜಿ ಹೇಳಿದರು. ಹತ್ತಲಿಲ್ಲ.

ಲಕ್ವ ಆದ ಮೇಲೆ ಅಜ್ಜಿಗೆ ನಾಲಿಗೆ ಸರಿಯಾಗಿ ತಿರುಗುವುದಿಲ್ಲ. "ಲೈಟ್" ಅನ್ನೋದು "ಐತ್" ಅಂತ ಬರುತ್ತೆ. ನಮಗೆ ಅರ್ಥ ಆಗುತ್ತೆ. ಡಬ್ಬಿಗೆ ಆಗಲಿಲ್ಲ. ಅದು ಇಂಗ್ಲಿಷಿನಲ್ಲಿ ಏನೋ ಕ್ಷಮೆ ಕೇಳಿತು. ನಾಲ್ಕು ಸಲ ಪ್ರಯತ್ನ ಮಾಡಿ ಅಜ್ಜಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಮಾತಾಡಲು ಕಷ್ಟ ಇಲ್ಲದ ನಮಗೆಲ್ಲ ದೀಪ ಹತ್ತಿತು, ದೀಪ ಬೇಕಾದವರಿಗೆ ಮಾತ್ರ ಹತ್ತಲಿಲ್ಲ. ನನಗೆ ಅಳು ಬಂತು. ಮಾವನಿಗೂ ಬೇಜಾರಾಯಿತು, ಆದರೆ ತೋರಿಸಲಿಲ್ಲ.

ಮುಂದಿನ ಭಾನುವಾರ ನಾವು ಒಂದು ಪ್ರಯೋಗ ಮಾಡಿದೆವು. ಸ್ಪೀಕರನ್ನು ಕರೆಯುವ ಹೆಸರು ಉದ್ದ ಇತ್ತು. ಅದನ್ನು ಆಪಿನಲ್ಲಿ ಬದಲಾಯಿಸಿ ಎರಡೇ ಅಕ್ಷರದ ಹೆಸರು ಆರಿಸಿದೆವು. ಅಜ್ಜಿಗೆ ಅದು ಸುಲಭವಾಯಿತು. ಆಮೇಲೆ ಒಂದೊಂದು ಮಾತನ್ನೂ ಹತ್ತು ಸಲ ಹೇಳಿಸಿ ಎಷ್ಟು ಸಲ ಸರಿಯಾಗಿ ಕೇಳಿತು ಅಂತ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಲೈಟ್ ಆನ್ : 10ಕ್ಕೆ 1
ಲೈಟ್ ಆಫ್ : 10ಕ್ಕೆ 0
ದೀಪ : 10ಕ್ಕೆ 3

"ಆನ್" ಮತ್ತು "ಆಫ್" ಎರಡೂ ಅಜ್ಜಿಯ ಬಾಯಲ್ಲಿ ಒಂದೇ ಥರ ಕೇಳಿಸುತ್ತಿತ್ತು. ಆಗ ಅಜ್ಜಿ ಎಡಗೈಯಿಂದ ಮಂಚದ ಕಟ್ಟಿಗೆಯನ್ನು ಟಕ್ ಅಂತ ಒಂದು ಸಲ ಬಡಿದರು. ಸ್ವಲ್ಪ ಬಿಟ್ಟು ಟಕ್ ಟಕ್ ಅಂತ ಎರಡು ಸಲ ಬಡಿದರು. "ತಾತ... ಗಣಿ..." ಅಂದರು. ಮಾವನಿಗೆ ಗೊತ್ತಾಯಿತು. ಗಣಿಯಲ್ಲಿ ಜನರನ್ನು ಕೆಳಗಿಳಿಸುವ ತೊಟ್ಟಿಲನ್ನು ಮೇಲಿರುವ ಎಂಜಿನ್ನು ಎಳೆಯುತ್ತದೆ. ಕೆಳಗಿರುವವರು ಕೂಗಿದರೆ ಎಂಜಿನ್ ನಡೆಸುವವನಿಗೆ ಕೇಳಿಸುವುದಿಲ್ಲ. ಅದಕ್ಕೆ ಗಂಟೆ ಹೊಡೆಯುತ್ತಿದ್ದರು. ಎಷ್ಟು ಗಂಟೆಗೆ ಏನರ್ಥ ಅಂತ ಮೊದಲೇ ಗೊತ್ತುಮಾಡಿ ಬೋರ್ಡಿನಲ್ಲಿ ಬರೆದಿರುತ್ತಿದ್ದರಂತೆ. "ಮೇಲಕ್ಕೆ" ಅನ್ನೋದಕ್ಕೂ "ಕೆಳಕ್ಕೆ" ಅನ್ನೋದಕ್ಕೂ ಗಂಟೆ ಬೇರೆ ಬೇರೆ. ಒಂದಕ್ಕೊಂದು ಕಲಸಿದರೆ ಜೀವಕ್ಕೇ ಅಪಾಯ.

ಮಾವ ಅಂದರು, "ಅಮ್ಮ ಹೇಳೋದು ಸರಿ. ಲೈಟ್ ಆನ್ ಅಂತಲೇ ಹೇಳಬೇಕು ಅಂತ ಯಾರು ಹೇಳಿದ್ದು? ಅಮ್ಮನ ಬಾಯಲ್ಲಿ ಸುಲಭವಾಗಿ ಬರೋ ಎರಡು ಮಾತು ಹುಡುಕು. ಒಂದಕ್ಕೊಂದು ಹೋಲಬಾರದು."

ನಾನು ಒಂದು ವಾರ ಗಮನಿಸಿದೆ. ಅಜ್ಜಿ ಏಳುವಾಗ ನೋವಿಗೆ "ಅಮ್ಮ" ಅಂತಾರೆ. ಊಟ ಬಡಿಸುವಾಗ "ಸಾಕು" ಅಂತಾರೆ. ಈ ಎರಡು ಮಾತು ತೊದಲಿದರೂ ಚೆನ್ನಾಗಿ ಬರುತ್ತವೆ. ಅದಕ್ಕೆ "ಅಮ್ಮ" ಅಂದರೆ ದೀಪ ಹತ್ತಬೇಕು, "ಸಾಕು" ಅಂದರೆ ಆರಬೇಕು ಅಂತ ತೀರ್ಮಾನ ಮಾಡಿದೆವು. ಆಪಿನಲ್ಲಿ ರೊಟೀನ್ ಅಂತ ಒಂದು ಜಾಗ ಇದೆ. ಅಲ್ಲಿ "ನಾನು ಇಂಥ ಮಾತು ಹೇಳಿದರೆ ಇಂಥ ಕೆಲಸ ಮಾಡು" ಅಂತ ನಾವೇ ಬರೆದು ಇಡಬಹುದು. ಒಂದೇ ಕೆಲಸಕ್ಕೆ ಬೇರೆ ಬೇರೆ ಮಾತುಗಳನ್ನೂ ಬರೆಯಬಹುದು.

ಮನೆಯಲ್ಲಿ ಎಲ್ಲರೂ "ಅಮ್ಮ, ಅಮ್ಮ" ಅಂತ ಕರೀತಾ ಇದ್ದರೆ ದೀಪ ಹತ್ತಿ ಆರಿ ಆಗುವುದಿಲ್ಲವೇ? ಆಗುವುದಿಲ್ಲ. ಮೊದಲು ಸ್ಪೀಕರಿನ ಹೆಸರು ಹೇಳಿ ಆಮೇಲೆ "ಅಮ್ಮ" ಅಂದರೆ ಮಾತ್ರ ಅದು ಕೇಳುತ್ತದೆ.

ಆದರೂ "ಅಮ್ಮ" 10ಕ್ಕೆ 5, "ಸಾಕು" 10ಕ್ಕೆ 4 ಬಂತು. ಈಗ ಇನ್ನೊಂದು ಉಪಾಯ ಸಿಕ್ಕಿತು. ನಾವು ಹೇಳಿದ್ದನ್ನು ಸ್ಪೀಕರ್ ಏನೆಂದು ಬರೆದುಕೊಂಡಿತು ಅಂತ ಆಪಿನಲ್ಲಿ ನೋಡಬಹುದು. ತೆಗೆದು ನೋಡಿದರೆ ನಗು ಬಂತು. ಡಬ್ಬಿಯ ಭಾಷೆ ಇಂಗ್ಲಿಷ್. ಅಜ್ಜಿಯ "ಅಮ್ಮ"ನನ್ನು ಅದು ಹ್ಯಾಮರ್ ಅಂತ ಬರೆದುಕೊಂಡಿತ್ತು, ಅಂದರೆ ಸುತ್ತಿಗೆ! "ಸಾಕು" ಅನ್ನೋದನ್ನ ಸಾಗೋ ಅಂತ ಬರೆದುಕೊಂಡಿತ್ತು, ಅಂದರೆ ಸಬ್ಬಕ್ಕಿ!

ನಾವು ಆ ತಪ್ಪನ್ನು ತಿದ್ದಲು ಹೋಗಲಿಲ್ಲ. ತಪ್ಪನ್ನೇ ಅಪ್ಪಣೆ ಮಾಡಿಬಿಟ್ಟೆವು. ಸುತ್ತಿಗೆ ಅಂತ ಕೇಳಿಸಿದರೂ ದೀಪ ಹಚ್ಚು, ಸಬ್ಬಕ್ಕಿ ಅಂತ ಕೇಳಿಸಿದರೂ ದೀಪ ಆರಿಸು ಅಂತ ಬರೆದೆವು. ಮತ್ತೆ ಹತ್ತು ಸಲ ಹೇಳಿಸಿದೆ.

ಅಮ್ಮ : 10ಕ್ಕೆ 9
ಸಾಕು : 10ಕ್ಕೆ 8

ಅಜ್ಜಿ ನಕ್ಕರು. ಲಕ್ವ ಆದ ಮೇಲೆ ಅಜ್ಜಿ ನಕ್ಕರೆ ಒಂದೇ ಕಡೆ ತುಟಿ ಏಳುತ್ತೆ. ಆದರೂ ಚೆಂದ.

ಇದರಿಂದ ನಾನು ಕಲಿತದ್ದು: ಮನುಷ್ಯನ ಮಾತನ್ನು ಯಂತ್ರಕ್ಕೆ ತಕ್ಕಂತೆ ತಿದ್ದುವುದಕ್ಕಿಂತ ಯಂತ್ರವನ್ನು ಮನುಷ್ಯನ ಮಾತಿಗೆ ತಕ್ಕಂತೆ ಜೋಡಿಸುವುದು ಒಳ್ಳೆಯದು.

ಆದರೂ ಹತ್ತಕ್ಕೆ ಒಂದು ಸಲ ತಪ್ಪುತ್ತದೆ

ತಪ್ಪುವ ಆ ಒಂದು ಸಲಕ್ಕೂ ಏರ್ಪಾಡು ಬೇಕು. ಅದಕ್ಕೆ ಬೆಡ್ ಸ್ವಿಚ್ಚನ್ನು ನಾವು ತೆಗೆದಿಲ್ಲ. ಅದನ್ನು ಬೇರೆ ಚಿಕ್ಕ ಬಲ್ಬಿಗೆ ಕೊಟ್ಟು, ಅಜ್ಜಿಯ ಎಡಗೈ ಕಡೆ ಮಂಚಕ್ಕೆ ದಾರದಿಂದ ಕಟ್ಟಿದ್ದೇವೆ. ಕರೆಂಟು ಹೋದರೆ ಸ್ಪೀಕರೂ ಸತ್ತಂತೆ, ಸ್ಮಾರ್ಟ್ ಬಲ್ಬೂ ಸತ್ತಂತೆ. ಅದಕ್ಕೆ ಬಚ್ಚಲ ದಾರಿಯಲ್ಲಿ ಒಳಗೇ ಬ್ಯಾಟರಿ ಇರುವ ಇನ್ವರ್ಟರ್ ಬಲ್ಬು ಹಾಕಿದ್ದೇವೆ. ತಲೆದಿಂಬಿನ ಹತ್ತಿರ ಒಂದು ಸ್ಟೀಲ್ ತಟ್ಟೆ, ಚಮಚ ಇದೆ. ಬಡಿದರೆ ನಾನು ಏಳ್ತೀನಿ. ಹೊಸ್ತಿಲಿಗೆ ಬಿಳಿ ಬಣ್ಣ ಬಳಿದಿದ್ದೇವೆ.

ಒಂದು ತಮಾಷೆಯೂ ಆಯಿತು. ಒಂದು ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ಬಂದಾಗ ಬಲ್ಬು ತಾನಾಗೇ ಹತ್ತಿಕೊಂಡಿತು. ಅಜ್ಜಿ ತಾತನೇ ಬಂದರು ಅಂದುಕೊಂಡರಂತೆ! ಕರೆಂಟು ಬಂದ ತಕ್ಷಣ ಹತ್ತಬೇಕೋ, ಮೊದಲು ಇದ್ದಂತೆ ಇರಬೇಕೋ ಅಂತ ಆರಿಸಿಕೊಳ್ಳಲು ಬಲ್ಬಿನ ಆಪಿನಲ್ಲಿ ಜಾಗ ಇರುತ್ತದೆ. "ಮೊದಲು ಇದ್ದಂತೆ" ಅಂತ ಮಾಡಿದ ಮೇಲೆ ಸರಿಹೋಯಿತು.

ಕರೆಂಟಿನ ಲೆಕ್ಕ

9 ವ್ಯಾಟಿನ ಬಲ್ಬು ದಿನಕ್ಕೆ 6 ಗಂಟೆ ಉರಿದರೆ 54 ವ್ಯಾಟ್-ಗಂಟೆ. 30 ದಿನಕ್ಕೆ 1,620, ಅಂದರೆ 1.62 ಯೂನಿಟ್. ಸ್ಪೀಕರ್ ಸುಮ್ಮನಿದ್ದಾಗಲೂ ಸುಮಾರು 2 ವ್ಯಾಟ್ ಬೇಕು ಅಂತ ಇಟ್ಟುಕೊಳ್ಳಿ. ದಿನಕ್ಕೆ 24 ಗಂಟೆ, 30 ದಿನಕ್ಕೆ 1,440 ವ್ಯಾಟ್-ಗಂಟೆ, ಅಂದರೆ 1.44 ಯೂನಿಟ್. ನೋಡಿದಿರಾ, ಉರಿಯುವ ದೀಪಕ್ಕೂ ಸುಮ್ಮನೆ ಕಾಯುವ ಕಿವಿಗೂ ಹೆಚ್ಚುಕಡಿಮೆ ಒಂದೇ ಖರ್ಚು!

ಎಚ್ಚರಿಕೆಗಳು

1. ನೀರು ಕಾಯಿಸುವ ರಾಡು, ಇಸ್ತ್ರಿ ಪೆಟ್ಟಿಗೆ ಇಂಥವನ್ನು ಮಾತಿನಿಂದ ಹಾಕುವಂತೆ ಮಾಡಬಾರದು. ಯಾರೂ ಇಲ್ಲದಾಗ ತಪ್ಪಿ ಹತ್ತಿಕೊಂಡರೆ ಬೆಂಕಿಯ ಭಯ.
2. ಮನೆ ಬಾಗಿಲ ಬೀಗವನ್ನು ಮಾತಿಗೆ ಕೊಡುವುದೂ ನಮ್ಮಂಥವರಿಗೆ ಬೇಡ. ಕಿಟಕಿಯ ಹೊರಗಿನಿಂದ ಯಾರು ಬೇಕಾದರೂ ಕೂಗಬಹುದು.
3. ಸ್ಪೀಕರ್ ಹೆಸರನ್ನು ತಪ್ಪಾಗಿ ಕೇಳಿಸಿಕೊಂಡು ನಮ್ಮ ಮನೆ ಮಾತನ್ನೂ ಕಳಿಸಿಬಿಡಬಹುದು. ಅದಕ್ಕೆ ಮೈಕ್ ಮುಚ್ಚುವ ಗುಂಡಿ ಇರುತ್ತದೆ. ನೆಂಟರು ಬಂದು ಮನೆ ವಿಷಯ ಮಾತಾಡುವಾಗ ಅದನ್ನು ಒತ್ತಿ. ಹಳೇ ಮಾತುಗಳನ್ನು ಆಪಿನಲ್ಲಿ ಆಗಾಗ ಅಳಿಸಿ.
4. ಬೇರೆಯವರು ಉಪಯೋಗಿಸಿದ ಸ್ಪೀಕರ್ ತಂದರೆ, ಅವರ ಖಾತೆಯಿಂದ ತೆಗೆಸಿ, ಹಳೆಯದನ್ನೆಲ್ಲ ಅಳಿಸಿ, ಆಮೇಲೆ ಜೋಡಿಸಿ.

ಹೊಲದಲ್ಲೂ ಇದೇ ಪಾಠ

ಮನೆಯ ದೀಪದ ಹಾಗೆಯೇ ಹೊಲದ ಮೋಟರನ್ನೂ ದೂರದಿಂದ ನಡೆಸಬಹುದು. ನಮ್ಮ ಹೋಬಳಿ ಆಂಧ್ರ, ತಮಿಳುನಾಡು ಎರಡರ ಗಡಿಗೂ ಹತ್ತಿರ. ಕಾಡಾನೆಗಳು ರಾತ್ರಿ ರಾಗಿ ಹೊಲಕ್ಕೆ, ಟೊಮೇಟೊ ತೋಟಕ್ಕೆ ನುಗ್ಗುವುದು ನಿಮಗೆಲ್ಲ ಗೊತ್ತು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಮೋಟರ್ ಹಾಕಲು ಕತ್ತಲಲ್ಲೇ ಹೋಗಬೇಕು. ಈಗ ಬಹಳ ಜನ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಸ್ಟಾರ್ಟರಿನಲ್ಲಿರುವ ಸಿಮ್‌ಗೆ ಮನೆಯಿಂದಲೇ ಫೋನ್ ಮಾಡಿದರೆ ಮೋಟರ್ ಓಡುತ್ತದೆ. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ಅವರು ಇಂಥದ್ದೇ ನ್ಯಾನೋ ಗಣೇಶ್ ಎಂಬ ಯಂತ್ರ ಮಾಡಿದರು. ಅವರ ತಾತ ರಾತ್ರಿ ಹೊತ್ತು ಪಂಪು ಹಾಕಲು ಹೊಲಕ್ಕೆ ಹೋಗಿ ಕಷ್ಟಪಡುತ್ತಿದ್ದುದೇ ಅದಕ್ಕೆ ಕಾರಣವಂತೆ. ಅವರಿಗೆ ತಾತ, ನಮಗೆ ಅಜ್ಜಿ!

ಇದು ಇಂಟರ್‌ನೆಟ್ ಇಲ್ಲದೆ ಬರೀ ಫೋನ್ ಸಿಗ್ನಲ್ಲಿನಲ್ಲೇ ನಡೆಯುತ್ತದೆ. ಅಂದರೆ ಎಲ್ಲದಕ್ಕೂ ಮಾತೇ ಬೇಕಾಗಿಲ್ಲ. ಬೆರಳಿನಿಂದ ಒತ್ತಲು ಆಗುವವರಿಗೆ ಅದೇ ಸಾಕು.

ಡಬ್ಬಿಗೆ ಕನ್ನಡ ಯಾಕೆ ಬರುವುದಿಲ್ಲ?

ನಮ್ಮ ಸ್ಪೀಕರಿನಲ್ಲಿ ಭಾಷೆ ಆರಿಸುವ ಕಡೆ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ಕನ್ನಡ ಇರಲಿಲ್ಲ. ಅಜ್ಜಿಗೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು ಬರುತ್ತದೆ. ಮೂರು ಭಾಷೆ ಬರುವ ಅಜ್ಜಿ ಒಂದೂ ಬಾರದ ಡಬ್ಬಿಯ ಮುಂದೆ ದಡ್ಡಿ ಆಗಬೇಕಾಯಿತು. ಇದು ಸರಿಯಲ್ಲ ಅಂತ ನನಗೆ ಅನ್ನಿಸಿತು.

ಕಾರಣ ಇಷ್ಟೇ. ಯಂತ್ರ ಕೇಳಿ ಕಲಿಯುತ್ತದೆ. ಇಂಗ್ಲಿಷಿನ ಮಾತು ಅದಕ್ಕೆ ರಾಶಿ ರಾಶಿ ಸಿಕ್ಕಿದೆ. ಕನ್ನಡದ್ದು ಕಡಿಮೆ. ಈಗ ಕೆಲಸ ನಡೀತಿದೆ. ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮೂಡುವ ಸೌಲಭ್ಯವನ್ನು ಗೂಗಲ್ 2017ರಲ್ಲಿ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ ಸೇರಿ ವಾಣಿ ಎಂಬ ಯೋಜನೆ ನಡೆಸುತ್ತಿದ್ದಾರೆ. ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, "ಇದರ ಬಗ್ಗೆ ನಿಮ್ಮ ಮಾತಿನಲ್ಲಿ ಹೇಳಿ" ಅಂತ ಕೇಳಿ ಧ್ವನಿ ಸಂಗ್ರಹಿಸುತ್ತಾರೆ. 2023ರಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಹೆಂಗಸರು ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆಗೆ ಮೊಬೈಲಿನಲ್ಲಿ ಕನ್ನಡ ವಾಕ್ಯ ಓದಿ ಕೊಟ್ಟು, ಅದಕ್ಕೆ ಕೂಲಿಯನ್ನೂ ಪಡೆದರು. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಭಾಷಿಣಿ ಯೋಜನೆಯಲ್ಲಿ ಭಾಷಾದಾನ ಅಂತ ಇದೆ. ಅಲ್ಲಿ ಯಾರು ಬೇಕಾದರೂ ತಮ್ಮ ಭಾಷೆಯ ವಾಕ್ಯ ಓದಿ ಧ್ವನಿ ದಾನ ಮಾಡಬಹುದು. ರಕ್ತದಾನದ ಹಾಗೆ! ನಾವು ಮಕ್ಕಳು ಮಾಡುವುದಾದರೆ ಮನೆಯಲ್ಲಿ ದೊಡ್ಡವರನ್ನು ಕೇಳಿಯೇ ಮಾಡಬೇಕು.

ಆದರೆ ಅಲ್ಲಿ ನೆಟ್ಟಗೆ ಮಾತಾಡುವವರ ಧ್ವನಿ ಮಾತ್ರ ಸೇರಿದರೆ ಸಾಲದು. ವಯಸ್ಸಾದವರ, ತೊದಲುವವರ ಧ್ವನಿಯೂ ಸೇರಬೇಕು. ಇಲ್ಲದಿದ್ದರೆ ನಾಳೆ ಡಬ್ಬಿಗೆ ಕನ್ನಡ ಬಂದರೂ ಅಜ್ಜಿಯ ಕನ್ನಡ ಬರುವುದಿಲ್ಲ.

ಮುಕ್ತಾಯ

ಗೆಳೆಯರೇ, ನಿಮ್ಮ ಮನೆಯಲ್ಲೂ ವಯಸ್ಸಾದವರು ಇದ್ದರೆ ರಾತ್ರಿ ಅವರು ಹೇಗೆ ಏಳುತ್ತಾರೆ, ಸ್ವಿಚ್ಚು ಎಷ್ಟು ದೂರ ಇದೆ ಅಂತ ಇವತ್ತೇ ಹೋಗಿ ನೋಡಿ. ಸ್ಮಾರ್ಟ್ ಬಲ್ಬು ತರಲು ದುಡ್ಡು ಇಲ್ಲದಿದ್ದರೂ ಹೊಸ್ತಿಲಿಗೆ ಬಿಳಿ ಬಣ್ಣ ಬಳಿಯಬಹುದು, ಕೈಗೆ ಸಿಗುವಂತೆ ಟಾರ್ಚ್ ಕಟ್ಟಬಹುದು.

ಈಗ ರಾತ್ರಿ ಅಜ್ಜಿಯ ಕೋಣೆಯಿಂದ ಮೊದಲು ಡಬ್ಬಿಯ ಹೆಸರು, ಆಮೇಲೆ "ಅಮ್ಮ" ಅಂತ ಕೇಳಿಸುತ್ತೆ. ಬಾಗಿಲ ಸಂದಿಯಲ್ಲಿ ಬೆಳಕು ಬರುತ್ತೆ. ಕೋಲಿನ ಶಬ್ದ ಹೋಗಿ, ವಾಪಸ್ ಬರುತ್ತೆ. ಆಮೇಲೆ "ಸಾಕು" ಅಂತಾರೆ. ನಾನು ಮತ್ತೆ ಮಲಗ್ತೀನಿ. ಅಜ್ಜಿ ಮಲಗುವ ಮುಂಚೆ ಈಗ ಒಂದು ಚೊಂಬು ನೀರು ಕೇಳಿ ಇಸ್ಕೊಂಡು ಕುಡಿತಾರೆ.

ಅಭ್ಯಾಸ

ಅ) ಬಿಟ್ಟ ಸ್ಥಳ ತುಂಬಿ.
1. ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಬಂದ ವರ್ಷ ______.
2. ಹೆಚ್ಚಿನ ಸ್ಮಾರ್ಟ್ ಬಲ್ಬುಗಳು ______ ಗಿಗಾಹರ್ಟ್ಸ್ ವೈಫೈಗೆ ಸೇರುತ್ತವೆ.

ಆ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಗೋಡೆಯ ಸ್ವಿಚ್ಚು ಯಾಕೆ ಯಾವಾಗಲೂ ಆನ್ ಇರಬೇಕು?
2. ಹಚ್ಚುವ ಮಾತು, ಆರಿಸುವ ಮಾತು ಒಂದಕ್ಕೊಂದು ಯಾಕೆ ಹೋಲಬಾರದು?

ಇ) ಮಾಡಿ ನೋಡಿ.
ನಿಮ್ಮ ಅಜ್ಜಿ ಅಥವಾ ತಾತನಿಂದ ಫೋನಿನ ಮೈಕಿಗೆ ಹತ್ತು ಕನ್ನಡ ಪದ ಹೇಳಿಸಿ. ಎಷ್ಟು ಸರಿಯಾಗಿ ಬರೆಯಿತು ಅಂತ ಲೆಕ್ಕ ಮಾಡಿ ತನ್ನಿ. ಮುಂದಿನ ಸಂಚಿಕೆಯಲ್ಲಿ ಎಲ್ಲರ ಲೆಕ್ಕವನ್ನೂ ಪಟ್ಟಿ ಮಾಡಿ ಹಾಕೋಣ.

ತಪ್ಪಿದ್ದರೆ ತಿದ್ದಿ, ಒಪ್ಪಿಸಿಕೊಳ್ಳಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ, ಕಾಮಸಮುದ್ರ